ಬಟ್ಟಲು ಒಣಗುವಷ್ಟರಲ್ಲಿ ಅತಿಥಿ ಹೊರಟಿರುತ್ತಾರೆ

ಹಳ್ಳಿಗೆ ಬರುವ ಪ್ರವಾಸಿಗರಿಗೆ ಮಡಕೆ ಮಾಡಲು ಕಲಿಸುವ ಕಮ್ಮಟ ತೆರೆದಾಗ ನನಗೆ ಕುಂಬಾರರ ಚಕ್ರವಾದ ತಿಗರಿ ಗೊತ್ತಿತ್ತು, ಮಣ್ಣಿನ ಹದ ಗೊತ್ತಿತ್ತು. ಪ್ರವಾಸಿಗರ ಗಡಿಬಿಡಿ ಗೊತ್ತಿರಲಿಲ್ಲ. ತಿಗರಿಯಿಂದ ಇಳಿಸಿದ ಬಟ್ಟಲು ನೆರಳಿನಲ್ಲಿ ವಾರವಾದರೂ ಒಣಗಬೇಕು. ಮೊದಲ ತಂಡ ಉಳಿದದ್ದು ಮೂರೇ ದಿನ. ಅವರ ಒತ್ತಾಯಕ್ಕೆ ಮಣಿದು ಎರಡನೆಯ ದಿನವೇ ಮಡಕೆ ಸುಡುವ ಗೂಡಾದ ಆವಿಗೆಗೆ ಇಟ್ಟುಬಿಟ್ಟೆ. ಒಳಗುಳಿದಿದ್ದ ನೀರು ಆವಿಯಾಗಿ ಬಟ್ಟಲುಗಳು ಪಟಪಟನೆ ಸಿಡಿದವು. ಅವುಗಳ ಚೂರು ತಗುಲಿ ಅಣ್ಣನ ಮೂರು ಹೂಜಿಗಳೂ ಹೋದವು. ಅಣ್ಣ ಎರಡು ದಿನ ನನ್ನೊಡನೆ ಮಾತನಾಡಲಿಲ್ಲ.

ಹಾಗೆಂದು ನನ್ನವರನ್ನು ದೂರುವಂತಿಲ್ಲ. ಮೊದಲ ವರ್ಷದ ಕೈಸಾಲ, ಮಣ್ಣು, ಕೆಲಸಕ್ಕೆ ಒದಗಿದ ಕೈಗಳು, ಎಲ್ಲವೂ ಅಣ್ಣ, ಭಾವ ಮತ್ತು ಪಕ್ಕದ ಮನೆಯ ಕುಂಬಾರರಿಂದ ಬಂದವು. ಆದರೆ ನನಗೆ ತಿಳಿದಷ್ಟೇ ಅವರಿಗೂ ತಿಳಿದಿತ್ತು. ಒಣಗುವವರೆಗೆ ಕಾಯಬೇಕು ಎಂದರು; ಅತಿಥಿ ಕಾಯುವುದಿಲ್ಲವಲ್ಲ!

ದಾರಿ ತೋರಿಸಿದ್ದು ಹಳ್ಳಿಯ ಇನ್ನೊಂದು ತುದಿಯ ವಸತಿಗೃಹದ ಒಡತಿ. ಅವರೊಡನೆ ನನ್ನದು ಎದುರಾದರೆ ತಲೆಯಾಡಿಸುವಷ್ಟೇ ಪರಿಚಯ. ಬಟ್ಟಲಿನ ಅಡಿಯಲ್ಲಿ ಹೆಸರು ಕೊರೆಸಿಕೊಳ್ಳಿ, ವಿಳಾಸ ಬರೆದಿಟ್ಟುಕೊಳ್ಳಿ, ಸುಟ್ಟ ಮೇಲೆ ಪಾರ್ಸೆಲ್ ಮಾಡಿ ಎಂದರು. ಸಾಗಣೆಯವರನ್ನು ಗೊತ್ತುಮಾಡಿಕೊಟ್ಟವರೂ ಅವರೇ. ದಾರಿಯಲ್ಲಿ ಒಡೆಯದಂತೆ ಸುತ್ತಲು ಒಬ್ಬ ನೇಕಾರ ಮಹಿಳೆ ಮಗ್ಗದ ಕೆಳಗೆ ಬಿದ್ದಿದ್ದ ತುಂಡುನೂಲನ್ನು ಚೀಲಗಟ್ಟಲೆ ಕೊಟ್ಟರು. ಪಾರ್ಸೆಲ್ ಬಿಚ್ಚಿದವರು ನೂಲಿನ ಬಣ್ಣ ನೋಡಿ ಮಗ್ಗದ ಬಗ್ಗೆ ವಿಚಾರಿಸತೊಡಗಿದರು. ಈಗ ಆ ನೇಕಾರ ಮಹಿಳೆಯ ಮನೆಯಲ್ಲೂ ನೇಯ್ಗೆ ಕಲಿಸುವ ತರಗತಿ ನಡೆಯುತ್ತದೆ.

ಸೃಜನಶೀಲ ಪ್ರವಾಸೋದ್ಯಮ ಎಂಬ ಹೆಸರನ್ನು 2000ದಲ್ಲಿ ಗ್ರೆಗ್ ರಿಚರ್ಡ್ಸ್ ಮತ್ತು ಕ್ರಿಸ್ಪಿನ್ ರೇಮಂಡ್ ಬಳಕೆಗೆ ತಂದರು. ಪ್ರವಾಸಿ ನೋಡಿ ಹೋಗುವ ಬದಲು ಆ ಸ್ಥಳದ ವಿದ್ಯೆಯನ್ನು ತಾನೇ ಕೈಯಾರೆ ಮಾಡಿ ಕಲಿಯುವುದು ಅದರ ತಿರುಳು. ಕಲಿಸುವವನೊಬ್ಬನಿಂದ ಅದು ನಡೆಯುವುದಿಲ್ಲ ಎಂಬುದು ನನಗೆ ಹೂಜಿಗಳು ಒಡೆದ ಮೇಲೆ ಅರ್ಥವಾಯಿತು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಪರಿಚಿತರ ಮೂಲಕ ಹೊಸ ಕೆಲಸ ಹಿಡಿದವರ ಲೆಕ್ಕ ಕೊಟ್ಟಿದ್ದಾರೆ: ಆಗಾಗ ಭೇಟಿಯಾಗುವವರಿಂದ ಕೆಲಸದ ಸುದ್ದಿ ತಿಳಿದವರು ಶೇ. 16.7 ಮಾತ್ರ, ಉಳಿದವರಿಗೆಲ್ಲ ಎಂದಾದರೊಮ್ಮೆ ಕಾಣುವವರೇ ನೆರವಾಗಿದ್ದರು. ಅದನ್ನು ಓದಿದಾಗ ನನಗೆ ನೆನಪಾದದ್ದು ಆ ವಸತಿಗೃಹದ ಒಡತಿ.

ಈಚೆಗೆ ಅವರು ಹೊಸದಾಗಿ ಕಮ್ಮಟ ತೆರೆದಿರುವ ಇನ್ನೊಬ್ಬ ಕುಂಬಾರನಿಗೂ ಅತಿಥಿಗಳನ್ನು ಕಳುಹಿಸುತ್ತಿದ್ದಾರೆ. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು. ಒಂದು ವಾರ ಮುಖ ಊದಿಸಿಕೊಂಡೇ ಇದ್ದೆ. ಆಮೇಲೆ ಆತ ಅತಿಥಿಗಳ ಅವಸರಕ್ಕೆ ಹಸಿ ಬಟ್ಟಲುಗಳನ್ನು ಆವಿಗೆಗೆ ಜೋಡಿಸುತ್ತಿದ್ದಾನೆಂದು ಕಿವಿಗೆ ಬಿತ್ತು. ಎರಡು ಚೀಲ ತುಂಡುನೂಲು ಹೊತ್ತುಕೊಂಡು ಅವನ ಮನೆಗೆ ನಡೆದೆ.