ಜೋಲಿಯಿಂದ ಚಾಪೆಗೆ

ಶಿಡ್ಲಘಟ್ಟದ ಬಳಿಯ ಹಳ್ಳಿಯೊಂದರಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. ಇಲ್ಲಿ ಮನೆಮನೆಗೂ ರೇಷ್ಮೆ. ಹುಳು ನಾಲ್ಕನೇ ಜ್ವರದಿಂದ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ನಿದ್ದೆಯಿಂದ, ಎದ್ದಿತೆಂದರೆ ಮುಂದಿನ ಏಳೆಂಟು ದಿನ ಮನೆಯವರಿಗೆ ಕೂರಲೂ ಬಿಡುವಿಲ್ಲ. ಎಷ್ಟು ಸೊಪ್ಪು ಹಾಕಿದರೂ ಹುಳುವಿಗೆ ಸಾಲದು. ಆ ದಿನಗಳಲ್ಲಿ ಕೂಸು ಜೋಲಿಯಲ್ಲೇ ಇರುತ್ತದೆ. ಹೋಗುತ್ತಾ ಬರುತ್ತಾ ಯಾರಾದರೂ ಒಮ್ಮೆ ತೂಗುತ್ತಾರೆ. ಇದಕ್ಕಾಗಿ ತಾಯಂದಿರನ್ನು ನಾನು ಎಂದೂ ದೂರಿಲ್ಲ.

ಎರಡು ವರ್ಷದ ಹಿಂದೆ ಅಂಥ ಮನೆಯೊಂದರಲ್ಲಿ ನಾಲ್ಕು ತಿಂಗಳ ಗಂಡುಮಗುವಿತ್ತು. ಎತ್ತಿಕೊಂಡರೆ ಕತ್ತು ವಾಲುತ್ತಿತ್ತು, ತಲೆಯ ಹಿಂಬದಿ ಒಂದು ಕಡೆ ಚಪ್ಪಟೆಯಾಗಿತ್ತು. ಮೊದಲು ವೈದ್ಯರಿಗೆ ತೋರಿಸಿದೆವು. ದೋಷವೇನೂ ಇಲ್ಲ, ಎಚ್ಚರವಿದ್ದಾಗ ಬೋರಲು ಮಲಗಿಸಿ ಆಡಿಸಿ ಎಂದರು. ಅಜ್ಜಿ ಒಪ್ಪಲಿಲ್ಲ. “ಕತ್ತು ನಿಲ್ಲದ ಕೂಸನ್ನು ಬೋರಲು ಹಾಕುತ್ತಾರೆಯೇ ಟೀಚರಮ್ಮ?”

ವಾದ ಮಾಡಿ ಪ್ರಯೋಜನವಿರಲಿಲ್ಲ. ಅಜ್ಜಿಯನ್ನೇ ಗೋಡೆಗೆ ಒರಗಿ ಕೂರಿಸಿ, ಕೂಸನ್ನು ಅವರ ಎದೆಯ ಮೇಲೆ ಬೋರಲು ಮಲಗಿಸಿದೆ. ಅದು ಸೆರಗಿನಲ್ಲಿ ಮೂಗು ಉಜ್ಜಿತು, ಮುಲುಗಿತು. ಆಮೇಲೆ ಅಜ್ಜಿಯ ಮಾತು ಕೇಳಿ, ಹಣೆ ಸುಕ್ಕು ಮಾಡಿಕೊಂಡು, ನಡುಗುತ್ತಾ ತಲೆ ಎತ್ತಿತು. ಮೂರು ಎಣಿಸುವಷ್ಟು ಹೊತ್ತು ಅವರ ಮುಖ ನೋಡಿ ಮತ್ತೆ ಎದೆಗೆ ಕೆನ್ನೆ ಆನಿಸಿತು. “ನನ್ನನ್ನೇ ನೋಡಿತಲ್ಲ!” ಎಂದರು ಅಜ್ಜಿ. ಮರುದಿನದಿಂದ ನನ್ನ ಕೆಲಸ ಹಗುರಾಯಿತು.

ಒಂದು ವರ್ಷದೊಳಗಿನ, ಇನ್ನೂ ಅಂಬೆಗಾಲಿಡದ ಮಕ್ಕಳಿಗೆ ದಿನಕ್ಕೆ ಒಟ್ಟು 30 ನಿಮಿಷವಾದರೂ ಈ ಬೋರಲಾಟ ಬೇಕು, ಒಂದೇ ಕಡೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿಹಾಕಿದಂತೆ ಇಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅರ್ಧ ಗಂಟೆ ಎಂದರೆ ತಾಯಂದಿರು ಗಾಬರಿಯಾಗುತ್ತಾರೆ. ಅದಕ್ಕೇ ನಾನು ಬಟ್ಟೆ ಬದಲಿಸಿದಾಗಲೆಲ್ಲ ಎರಡು ಮೂರು ನಿಮಿಷ ಎನ್ನುತ್ತೇನೆ. ಹಾಲು ಕುಡಿದ ಕೂಡಲೇ ಬೇಡ. ಪಕ್ಕದಲ್ಲಿ ಒಬ್ಬರು ಇರಲೇಬೇಕು. ನಿದ್ದೆ ಬಂದರೆ ಅಂಗಾತ ಮಲಗಿಸಬೇಕು; ಈ ಮಾತನ್ನು ಪ್ರತಿ ಭೇಟಿಯಲ್ಲೂ ಹೇಳುತ್ತೇನೆ.

ನಮ್ಮೂರಿಗೇ ವಿಶೇಷವಾದ ಎಚ್ಚರಿಕೆಯೊಂದಿದೆ. ಹುಳುಮನೆಯಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಬಳಸುತ್ತಾರೆ. ಅಲ್ಲಿ ಚಾಪೆ ಹಾಸಬಾರದು. ಈ ಮನೆಯಲ್ಲಿ ಪಡಸಾಲೆಯ ಮೂಲೆಯನ್ನು ಒರೆಸಿ, ಚಾಪೆಯ ಮೇಲೆ ದುಪ್ಪಟಿ ಹಾಸಿದೆವು. ಎದುರಿಗೆ ತೊಳೆದ ಹಿತ್ತಾಳೆ ಚೊಂಬು ಇಟ್ಟೆವು. ಅದರಲ್ಲಿ ತನ್ನದೇ ಮುಖ ಕಂಡು ಕೂಸು ಕೈ ಚಾಚುತ್ತಿತ್ತು. ಚೊಂಬನ್ನು ದಿನಕ್ಕೆ ಒಂದಂಗುಲ ದೂರ ಸರಿಸುವ ಕೆಲಸ ಅದರ ಅಕ್ಕನದು.

ಏಳನೇ ತಿಂಗಳಿಗೆ ಸೋದರಮಾವ ಪೇಟೆಯಿಂದ ವಾಕರ್ ತಂದರು. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಉರುಳಿ ಬೀಳುವ ಅಪಾಯ ಬೇರೆ. ಬೇಡವೆಂದು ನಾನು ಹೇಳುವ ಮೊದಲೇ ಅಜ್ಜಿ ಅದನ್ನು ಅಟ್ಟಕ್ಕೆ ಹಾಕಿಸಿದ್ದರು. ಮಗು ಅಂಬೆಗಾಲಿಟ್ಟು ಹೊಸ್ತಿಲು ದಾಟಿದ ದಿನ ಹುಳು ಹಣ್ಣಾಗಿ, ಮನೆಯವರೆಲ್ಲ ಗೂಡು ಕಟ್ಟುವ ತಟ್ಟಿಯಾದ ಚಂದ್ರಿಕೆಗೆ ಹುಳು ಬಿಡುತ್ತಿದ್ದರು. ಆ ಗಡಿಬಿಡಿಯಲ್ಲೂ ಅಜ್ಜಿ ಸಿಹಿ ಮಾಡಿ, ಅಂಗನವಾಡಿಯ ಮಕ್ಕಳಿಗೂ ಒಂದು ಡಬ್ಬಿ ಕಳಿಸಿದರು.