ಪಲ್ಸ್ ಕೊಟ್ಟು ಸುಮ್ನೆ ಬಿಡಿ: ಲಿಥಿಯಂ ಸೆಲ್‌ನ ಮಾಡೆಲ್ ಕಟ್ಟಿದ ನನ್ನ ಅನುಭವ

ಸ್ಕೂಟರ್ ಬ್ಯಾಟರಿಯಲ್ಲಿ ಇನ್ನೆಷ್ಟು ಚಾರ್ಜ್ ಉಳಿದಿದೆ ಎಂದು ಹೇಳುವ ಬಿಎಂಎಸ್ (ಬ್ಯಾಟರಿಯನ್ನು ನೋಡಿಕೊಳ್ಳುವ ಎಲೆಕ್ಟ್ರಾನಿಕ್ಸ್) ಕೋಡ್ ಬರೆಯುವುದು ನನ್ನ ಕೆಲಸ. ವೋಲ್ಟೇಜ್ ನೋಡಿದರೆ ಗೊತ್ತಾಗುತ್ತೆ ಅಲ್ವಾ ಎಂದು ಹೊಸಬರು ಕೇಳುತ್ತಾರೆ. ಗೊತ್ತಾಗಲ್ಲ. ಗಾಡಿ ಸಿಗ್ನಲ್‌ನಿಂದ ಹೊರಟ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ನಿಂತರೆ ಮತ್ತೆ ಏರುತ್ತದೆ. ಒಳಗಿನ ಚಾರ್ಜ್ ಅಷ್ಟರಲ್ಲಿ ಹೆಚ್ಚೇನೂ ಬದಲಾಗಿರುವುದಿಲ್ಲ. ಈ ಏರಿಳಿತವನ್ನು ಲೆಕ್ಕ ಹಾಕಲು ಈಕ್ವಿವಲೆಂಟ್ ಸರ್ಕ್ಯೂಟ್ ಬೇಕು, ಅಂದರೆ ಸೆಲ್‌ನಂತೆಯೇ ವರ್ತಿಸುವ ಒಂದು ಸರಳ ಸರ್ಕ್ಯೂಟ್.

ನಾನು ಬಳಸುವುದು ಥೆವೆನಿನ್ ಮಾಡೆಲ್. ಒಂದು ವೋಲ್ಟೇಜ್ ಸೋರ್ಸ್, ಅದರ ಜೊತೆ ಸರಣಿಯಲ್ಲಿ ಆರ್0 ಎಂಬ ರೆಸಿಸ್ಟರ್, ಆಮೇಲೆ ಆರ್1 ಎಂಬ ರೆಸಿಸ್ಟರ್ ಮತ್ತು ಸಿ1 ಎಂಬ ಕೆಪ್ಯಾಸಿಟರ್ ಸಮಾಂತರವಾಗಿ ಸೇರಿದ ಒಂದು ಜೋಡಿ. ತಕ್ಷಣದ ಜಿಗಿತ ಆರ್0ದ್ದು, ಮೆಲ್ಲಗಿನ ಏರಿಳಿತ ಈ ಜೋಡಿಯದ್ದು. ಸೋರ್ಸ್‌ನ ವೋಲ್ಟೇಜ್ ಚಾರ್ಜ್‌ಗೆ ತಕ್ಕಂತೆ ಬದಲಾಗುತ್ತದೆ. ಯಾವ ಚಾರ್ಜ್‌ಗೆ ಎಷ್ಟು ವೋಲ್ಟೇಜ್ ಎಂಬ ಕರ್ವ್‌ಗಾಗಿ 20 ಗಂಟೆಯಲ್ಲಿ ಖಾಲಿಯಾಗುವಷ್ಟು ನಿಧಾನವಾಗಿ ಡಿಸ್ಚಾರ್ಜ್ ಮಾಡಿ, ಅಷ್ಟೇ ನಿಧಾನವಾಗಿ ಚಾರ್ಜ್ ಮಾಡಿ, ಎರಡರ ಸರಾಸರಿ ತೆಗೆಯುತ್ತೇನೆ.

ಉಳಿದದ್ದೆಲ್ಲ ಪಲ್ಸ್ ಟೆಸ್ಟ್‌ನಿಂದ ಬರುತ್ತದೆ: ಸ್ವಲ್ಪ ಹೊತ್ತು ಕರೆಂಟ್ ಎಳೆದು ನಿಲ್ಲಿಸಿ, ವೋಲ್ಟೇಜ್ ಏನು ಮಾಡುತ್ತದೆ ಎಂದು ನೋಡುವುದು. ಅದಕ್ಕೂ ಮೊದಲು ವೈರಿಂಗ್. ಕರೆಂಟ್ ಹರಿಯುವ ವೈರ್ ಬೇರೆ, ವೋಲ್ಟೇಜ್ ಅಳೆಯುವ ವೈರ್ ಬೇರೆ ಇರಲೇಬೇಕು. ಅಳೆಯುವ ಈ ಸೆನ್ಸ್ ವೈರನ್ನು ಸೆಲ್‌ಗೆ ಸ್ಪಾಟ್ ವೆಲ್ಡ್ ಮಾಡಿದ ನಿಕಲ್ ಪಟ್ಟಿಯಿಂದಲೇ ತೆಗೆಯುತ್ತೇನೆ. ನಾವು ಹುಡುಕುತ್ತಿರುವುದೇ ಮಿಲಿಓಮ್‌ಗಳನ್ನು. ಸ್ಪ್ರಿಂಗ್ ಹೋಲ್ಡರ್‌ನ ಕಾಂಟ್ಯಾಕ್ಟ್ ಅದರಲ್ಲಿ ಸೇರಿಬಿಟ್ಟರೆ ಅಳೆದದ್ದು ಹೋಲ್ಡರನ್ನೇ.

ಒಂದು ಉದಾಹರಣೆ ನೋಡಿ. 2.5 ಆಂಪಿಯರ್-ಅವರ್‌ನ 18650 (ಸಿಲಿಂಡರ್ ಆಕಾರದ ಒಂದು ಸೈಜ್) ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್) ಸೆಲ್. 2.5 ಆಂಪಿಯರ್ ಕರೆಂಟನ್ನು 30 ಸೆಕೆಂಡ್ ಎಳೆದು ನಿಲ್ಲಿಸಿ. ನಿಲ್ಲಿಸಿದ ಕ್ಷಣಕ್ಕೆ ವೋಲ್ಟೇಜ್ 70 ಮಿಲಿವೋಲ್ಟ್ ಮೇಲೆ ಹಾರಿತು ಎಂದುಕೊಳ್ಳಿ. ಆರ್0 ಅಂದರೆ 70 ಭಾಗಿಸು 2.5, 28 ಮಿಲಿಓಮ್. ವೋಲ್ಟೇಜ್ ದಾಖಲಿಸುವ ಲಾಗರ್ ವೇಗವಾಗಿರಬೇಕು. ಸೆಕೆಂಡಿಗೆ ಒಂದೇ ಸಲ ಓದಿದರೆ ಎಲೆಕ್ಟ್ರೋಡ್ ಮೇಲ್ಮೈಯಲ್ಲಿ ನಡೆಯುವ ರಿಯಾಕ್ಷನ್‌ನ ಪಾಲೂ ಆರ್0 ಒಳಗೆ ಸೇರಿಕೊಳ್ಳುತ್ತದೆ.

ಆ ಜಿಗಿತದ ನಂತರ ವೋಲ್ಟೇಜ್ ಮೆಲ್ಲಗೆ ಇನ್ನೂ 23 ಮಿಲಿವೋಲ್ಟ್ ಏರುತ್ತದೆ. ಇಡೀ ಟೆಸ್ಟ್‌ನಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ. ಕರೆಂಟ್ ಹರಿಯುವಾಗ ಚಾರ್ಜ್ ಕೂಡ ಇಳಿಯುತ್ತಿರುತ್ತದೆ, ಹಾಗಾಗಿ ಎರಡು ಕುಸಿತಗಳು ಕಲಸಿಹೋಗುತ್ತವೆ. ಸುಮ್ನೆ ಬಿಟ್ಟಾಗ ಚಾರ್ಜ್ ಹಾಗೇ ಇರುತ್ತದೆ. ಅದಕ್ಕೇ ನಾನು ಫಿಟ್ ಮಾಡುವುದು ಈ ವಿಶ್ರಾಂತಿಯ ಭಾಗವನ್ನು. ಪೈಥಾನ್‌ನಲ್ಲಿ ಎಕ್ಸ್‌ಪೊನೆನ್ಶಿಯಲ್ ಕೂರಿಸಿದಾಗ ಟೈಮ್ ಕಾನ್‌ಸ್ಟೆಂಟ್ (ಆರ್1 ಗುಣಿಸು ಸಿ1) 20 ಸೆಕೆಂಡ್ ಬಂತು ಅನ್ನಿ. ಈಗ 23 ಅನ್ನು ನೇರವಾಗಿ 2.5ರಿಂದ ಭಾಗಿಸಬಾರದು. 30 ಸೆಕೆಂಡ್‌ನಲ್ಲಿ ಕೆಪ್ಯಾಸಿಟರ್ ಪೂರ್ತಿ ತುಂಬಿರುವುದಿಲ್ಲ, ಸುಮಾರು 78 ಶೇಕಡಾ ಮಾತ್ರ. ಅದನ್ನೂ ಹಿಡಿದರೆ ಆರ್1 ಸುಮಾರು 12 ಮಿಲಿಓಮ್. ಬಿಟ್ಟರೆ 9ರ ಆಸುಪಾಸು. ವ್ಯತ್ಯಾಸ ಸಣ್ಣದಲ್ಲ.

ಸಿ1 ಎಷ್ಟು ಗೊತ್ತಾ? 20 ಭಾಗಿಸು 0.012, ಸುಮಾರು 1,670 ಫ್ಯಾರಡ್. ಅಂಥ ಕೆಪ್ಯಾಸಿಟರ್ ಸೆಲ್ ಒಳಗೆ ಎಲ್ಲೂ ಕೂತಿಲ್ಲ. ಲಿಥಿಯಂ ಅಯಾನುಗಳು ಹರಡಿ ಸಮವಾಗಲು ಹಿಡಿಯುವ ಸಮಯಕ್ಕೆ ಅದು ವೇಷ ಹಾಕಿ ನಿಂತಿದೆ.

ಪ್ರತಿ 10 ಶೇಕಡಾ ಚಾರ್ಜ್‌ಗೆ ಒಂದು ಪಲ್ಸ್, ನಡುವೆ ಒಂದು ಗಂಟೆ ವಿಶ್ರಾಂತಿ. 20 ಶೇಕಡಾಕ್ಕಿಂತ ಕೆಳಗೆ ಇನ್ನೂ ಹತ್ತಿರ ಹತ್ತಿರ ಪಲ್ಸ್ ಕೊಡುತ್ತೇನೆ, ಏಕೆಂದರೆ ತಳ ಮುಟ್ಟುವಾಗ ರೆಸಿಸ್ಟೆನ್ಸ್ ಜೋರಾಗಿ ಏರುತ್ತದೆ. ಚಳಿಯಲ್ಲೂ ಏರುತ್ತದೆ. ಹಾಗಾಗಿ ಬೇರೆ ಬೇರೆ ತಾಪಮಾನದಲ್ಲಿ ಇಷ್ಟನ್ನೂ ಮತ್ತೆ ಮಾಡಲೇಬೇಕು. ಗಂಟೆಯ ಕೊನೆಯ ತನಕ ಎಳೆಯುವ ನಿಧಾನದ ಬಾಲಕ್ಕೆ ಎರಡನೇ ಆರ್‌ಸಿ ಜೋಡಿ ಸೇರಿಸುತ್ತೇನೆ. ಮೂರನೆಯದು ನನಗೆ ಬೇಡ. ಗ್ರಾಫ್ ಚೆನ್ನಾಗಿ ಕೂರುತ್ತದೆ ನಿಜ, ಆದರೆ ನಂಬರ್‌ಗಳು ಒಂದು ಪಲ್ಸ್‌ನಿಂದ ಇನ್ನೊಂದಕ್ಕೆ ಕುಣಿಯುತ್ತವೆ. ಅಂಥ ಟೇಬಲ್ ನಂಬಿ ಕೋಡ್ ಬರೆಯಲಾಗದು.

ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ ಆದರೆ ಇನ್ನಷ್ಟು ಎಚ್ಚರ ಬೇಕು. ಅದರ ಕರ್ವ್ ನಡುವೆ ಬಹುತೇಕ ಚಪ್ಪಟೆ. ಸಾಲದ್ದಕ್ಕೆ ಚಾರ್ಜ್ ಮಾಡಿ ಬಂದಿರಾ, ಡಿಸ್ಚಾರ್ಜ್ ಮಾಡಿ ಬಂದಿರಾ ಎಂಬುದರ ಮೇಲೆ ವಿಶ್ರಾಂತಿಯ ವೋಲ್ಟೇಜ್ ಬೇರೆಯಾಗುತ್ತದೆ. ಅಲ್ಲಿ ಸರಾಸರಿ ಸಾಲದು, ಹಿಸ್ಟರಿಸಿಸ್ ಎಂಬ ಈ ವ್ಯತ್ಯಾಸಕ್ಕೆ ಮಾಡೆಲ್‌ನಲ್ಲಿ ಬೇರೆಯೇ ಜಾಗ ಕೊಡಬೇಕು.