ವಿಟಾಕ್ ಬಿಚ್ಚಿ ನೋಡಿದ ಮೇಲೆ

ಮೇನ್‌ಫ್ರೇಮ್ ಅನ್ನುವ ದೊಡ್ಡ ಕಂಪ್ಯೂಟರುಗಳ ಕೆಲಸಕ್ಕೆ ಸೇರಿದವರಿಗೆ ಶುರುವಿನಲ್ಲೇ ಕೆಲವು ನಿಯಮ ಬಾಯಿಪಾಠ ಮಾಡಿಸುತ್ತಾರೆ. ಡೇಟಾಸೆಟ್, ಅಂದರೆ ಅಲ್ಲಿನ ಫೈಲ್, ಅದರ ಹೆಸರು 44 ಅಕ್ಷರ ಮೀರಬಾರದು. ಒಂದು ಡೇಟಾಸೆಟ್ಟಿಗೆ ಒಂದು ಡಿಸ್ಕಿನಲ್ಲಿ 16 ಎಕ್ಸ್‌ಟೆಂಟ್ (ಜಾಗದ ತುಂಡು) ತುಂಬಿದ ಮೇಲೂ ಜಾಗ ಕೇಳಿದರೆ ಬಿ37 ಅಬೆಂಡ್, ಅಂದರೆ ಕೆಲಸ ನಡುವೆಯೇ ನಿಂತುಹೋಗುತ್ತದೆ. ಯಾಕೆ ಸಾರ್ ಅಂದರೆ, 'ಅದು ಹಾಗೇ' ಅನ್ನುತ್ತಾರೆ. ಕಚೇರಿಯ ಡಿಸ್ಕನ್ನು ಕೆದಕಿ ನೋಡಲು ಯಾರೂ ಬಿಡುವುದಿಲ್ಲ, ಬಿಡಲೂಬಾರದು. ಹಾಗಾಗಿ ಮನೆಯ ಲ್ಯಾಪ್‌ಟಾಪಿನಲ್ಲಿ ಮೇನ್‌ಫ್ರೇಮಿನ ಹಾಗೆ ನಡೆದುಕೊಳ್ಳುವ ಹರ್ಕ್ಯುಲಿಸ್ ಎಮ್ಯುಲೇಟರ್ ಹಾಕಿಕೊಂಡು, ಐಬಿಎಂನ ಹಳೆಯ ಆಪರೇಟಿಂಗ್ ಸಿಸ್ಟಮ್ ಎಂವಿಎಸ್ 3.8 ಓಡಿಸತೊಡಗಿದೆ.

ಪ್ರಯೋಗಕ್ಕೆ ಆರಿಸಿಕೊಂಡದ್ದು 3330 ಡಿಸ್ಕ್, 1970ರದ್ದು. 404 ಸಿಲಿಂಡರ್ (ಒಂದರ ಮೇಲೊಂದಿರುವ ಟ್ರ್ಯಾಕುಗಳ ಗುಂಪು), ಸಿಲಿಂಡರಿಗೆ 19 ಟ್ರ್ಯಾಕ್ (ಡಿಸ್ಕಿನ ಮೇಲಿನ ಒಂದು ವೃತ್ತ), ಟ್ರ್ಯಾಕಿಗೆ 13,030 ಬೈಟ್. ಗುಣಿಸಿದರೆ ಹತ್ತಿರ ಹತ್ತಿರ 10 ಕೋಟಿ ಬೈಟ್. ಖಾಲಿ ಡಿಸ್ಕ್ ಸೃಷ್ಟಿಸಿ, ಫಾರ್ಮ್ಯಾಟ್ ಮಾಡಿ, ಲ್ಯಾಪ್‌ಟಾಪಿನಲ್ಲಿ ಆ ಡಿಸ್ಕಾಗಿ ನಿಂತ ಫೈಲನ್ನು, ಬೈಟುಗಳನ್ನು ಇದ್ದ ಹಾಗೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದೆ. ಮೊದಲ ಟ್ರ್ಯಾಕಿನಲ್ಲೇ ಇ5 ಡಿ6 ಡಿ3 ಎಫ್1 ಸಿಕ್ಕಿತು. ಐಬಿಎಂನ ಅಕ್ಷರ ಸಂಕೇತವಾದ ಎಬ್ಸಿಡಿಕ್‌ನಲ್ಲಿ ಅದು 'ವಿಒಎಲ್1', ಅಂದರೆ ಡಿಸ್ಕಿನ ಲೇಬಲ್. ಅದರ ಬೆನ್ನಿಗೇ ನಾನು ಕೊಟ್ಟ ಆರಕ್ಷರದ ವಾಲ್ಯೂಮ್ ಸೀರಿಯಲ್ (ಡಿಸ್ಕಿನ ಹೆಸರು), ಆಮೇಲೆ ವಿಟಾಕ್ ಎಲ್ಲಿದೆ ಅನ್ನುವ ವಿಳಾಸ.

ವಿಟಾಕ್ ಅಂದರೆ ಆ ಡಿಸ್ಕಿನ ವಿಷಯಸೂಚಿ. ಅದರಲ್ಲಿನ ಒಂದೊಂದು ನಮೂದೂ 140 ಬೈಟ್: 44 ಬೈಟಿನ ಕೀ, 96 ಬೈಟಿನ ಮಾಹಿತಿ. ಆ ಕೀ ಜಾಗದಲ್ಲೇ ಡೇಟಾಸೆಟ್ ಹೆಸರು ಕೂರುತ್ತದೆ. 44ರ ಗುಟ್ಟು ಇಷ್ಟೇ! ಹೆಸರಿನ ನಡುವಿನ ಚುಕ್ಕಿಗಳು ಫೋಲ್ಡರಿನ ಹಾಗೆ ಕಂಡರೂ ವಿಟಾಕ್‌ಗೆ ಅವೂ ಬರೀ ಅಕ್ಷರ; ಫೋಲ್ಡರಿನೊಳಗೆ ಫೋಲ್ಡರ್ ಅನ್ನುವುದೇ ಅಲ್ಲಿಲ್ಲ.

16ರ ಲೆಕ್ಕ ಇನ್ನೂ ಚೆನ್ನ. ಡೇಟಾಸೆಟ್ಟಿನ ಮೂಲ ನಮೂದಿನಲ್ಲಿ, ಅಂದರೆ ಫಾರ್ಮ್ಯಾಟ್-1ರಲ್ಲಿ, ಮೂರೇ ಎಕ್ಸ್‌ಟೆಂಟ್ ಬರೆಯಲು ಜಾಗ. ನಾಲ್ಕನೆಯದು ಬೇಕಾದಾಗ ಫಾರ್ಮ್ಯಾಟ್-3 ಅನ್ನುವ ಇನ್ನೊಂದು ನಮೂದು ಹುಟ್ಟುತ್ತದೆ. ಅದರಲ್ಲಿ 13 ಹಿಡಿಸುತ್ತವೆ. ಮೊದಲ ಜಾಗ ತುಂಬಿದ ಮೇಲೆ ಸಿಗುವ ಹೆಚ್ಚುವರಿ ಜಾಗವನ್ನು, ಅಂದರೆ ಸೆಕೆಂಡರಿಯನ್ನು, ಒಂದೇ ಟ್ರ್ಯಾಕ್ ಇಟ್ಟು, ಬೇಕೆಂದೇ ಫೈಲ್ ಬೆಳೆಸುತ್ತಾ ಹೋದೆ. 16 ತುಂಬಿತು, ಬಿ37 ಬಂತು. ಅಬೆಂಡ್ ನೋಡಿ ಖುಷಿಪಟ್ಟದ್ದು ಅದೇ ಮೊದಲು. ಅದೇ ಜಾಬನ್ನು ಸೆಕೆಂಡರಿ ಕೊಡದೆ ಓಡಿಸಿದಾಗ ಬಂದದ್ದು ಡಿ37.

ಬ್ಲಾಕ್ ಸೈಜಿನ ಪಾಠ ಮಾತ್ರ ಎಲ್ಲಕ್ಕಿಂತ ಕಣ್ಣಿಗೆ ಹೊಡೆಯಿತು. 80 ಬೈಟಿನ ರೆಕಾರ್ಡನ್ನು ಬ್ಲಾಕ್ ಮಾಡದೆ, ಅಂದರೆ ಹಲವನ್ನು ಒಟ್ಟುಗೂಡಿಸದೆ, ಒಂಟಿಯಾಗಿ ಬರೆದರೆ, 3330ರ ಒಂದು ಟ್ರ್ಯಾಕಿನಲ್ಲಿ ಹಿಡಿಸುವುದು 61. ಪ್ರತಿ ಬ್ಲಾಕಿಗೂ 135 ಬೈಟ್ ಮೇಲುಖರ್ಚು, ಸರಕಿಗಿಂತ ಸಾಗಣೆಯೇ ದುಬಾರಿ. ಬ್ಲಾಕನ್ನು 6,400 ಮಾಡಿದರೆ ಅದೇ ಟ್ರ್ಯಾಕಿನಲ್ಲಿ 160. ಹತ್ತು ಸಾವಿರ ರೆಕಾರ್ಡಿಗೆ 164 ಟ್ರ್ಯಾಕ್ ಬೇಕಿದ್ದ ಕಡೆ 63 ಸಾಕಾಯಿತು.

ಯಾವ ಡೇಟಾಸೆಟ್ ಯಾವ ಡಿಸ್ಕಿನಲ್ಲಿದೆ ಎಂದು ಹೇಳುವ ಕ್ಯಾಟಲಾಗ್ ಬೇರೆ, ವಿಟಾಕ್ ಬೇರೆ ಅನ್ನುವುದೂ ಕೈಯಾರೆ ಮಾಡಿದಾಗಲೇ ಮನಸ್ಸಿಗೆ ಇಳಿದದ್ದು. ಒಂದು ಡೇಟಾಸೆಟ್ಟನ್ನು ಅನ್‌ಕ್ಯಾಟಲಾಗ್ ಮಾಡಿದೆ. ಬರೀ ಹೆಸರು ಹಿಡಿದು ಹುಡುಕಿದರೆ ಸಿಗಲಿಲ್ಲ. ಕೆಲಸ ಒಪ್ಪಿಸುವ ಭಾಷೆಯಾದ ಜೆಸಿಎಲ್‌ನಲ್ಲಿ ಯೂನಿಟ್ಟನ್ನೂ (ಡಿಸ್ಕಿನ ಬಗೆ) ವಾಲ್ಯೂಮನ್ನೂ ಬರೆದೆ, ಸಿಕ್ಕಿತು. ಆಮೇಲೆ ಪೂರ್ತಿ ಡಿಲೀಟ್ ಮಾಡಿ ಹೆಕ್ಸ್‌ನಲ್ಲಿ ನೋಡಿದರೆ ವಿಟಾಕ್ ನಮೂದು ಸೊನ್ನೆಯಾಗಿತ್ತು, ಟ್ರ್ಯಾಕಿನಲ್ಲಿನ ಬರಹ ಮಾತ್ರ ಅಲ್ಲೇ ಇತ್ತು. ಗುಟ್ಟಿನ ಮಾಹಿತಿ ಇಟ್ಟುಕೊಳ್ಳುವವರು ಇದನ್ನು ಗಮನಿಸಬೇಕು.

ಡೈರೆಕ್ಟರಿ ಅನ್ನುವ ಮಾತು ಈ ಲೋಕದಲ್ಲಿ ಬರುವುದು ಪಿಡಿಎಸ್‌ನೊಳಗೆ, ಅಂದರೆ ಮೆಂಬರ್ ಅನ್ನುವ ಹಲವು ಚಿಕ್ಕ ಫೈಲುಗಳನ್ನು ಹಿಡಿದಿಡುವ ಡೇಟಾಸೆಟ್ಟಿನೊಳಗೆ. 256 ಬೈಟಿನ ಬ್ಲಾಕುಗಳು. ಎಷ್ಟು ಬೇಕೆಂದು ಮೊದಲೇ ಹೇಳಿಬಿಡಬೇಕು, ಆಮೇಲೆ ಬೆಳೆಯುವುದಿಲ್ಲ. ಬರೀ ಮೆಂಬರ್ ಹೆಸರಾದರೆ ನಮೂದಿಗೆ 12 ಬೈಟ್, ಬ್ಲಾಕಿಗೆ 21 ಹಿಡಿಸುತ್ತವೆ. ಎಡಿಟರ್ ತಾರೀಖು, ಯೂಸರ್ ಐಡಿ ಎಲ್ಲ ಸೇರಿಸಿದರೆ ಒಂದು ನಮೂದು 42 ಬೈಟ್ ಆಗಿ, ಆರೇ ಹಿಡಿಸುತ್ತವೆ. ಡಿಸ್ಕ್ ಖಾಲಿ ಬಿದ್ದಿದ್ದರೂ ಡೈರೆಕ್ಟರಿ ತುಂಬಿ ಬಿ14 ಅಬೆಂಡ್ ಬರುವುದು ಇದರಿಂದಲೇ. ಈಗ ಪಿಡಿಎಸ್ ಮಾಡುವಾಗ ಮೆಂಬರುಗಳ ಅಂದಾಜನ್ನು ಆರರಿಂದ ಭಾಗಿಸಿ, ಮೇಲೆ ಒಂದಿಷ್ಟು ಸೇರಿಸಿ ಬ್ಲಾಕ್ ಕೊಡುತ್ತೇನೆ.